ಚಿಲ್ಲರೆ ವ್ಯಾಪಾರದ ಕಂಪನಿ ದೀರ್ಘಾವಧಿ ಸಾಲವನ್ನು ಎಷ್ಟು ನೆಚ್ಚಿಕೊಂಡಿದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಳಿಗೆಗಳನ್ನು ನಡೆಸುವ ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ಬಹುತೇಕರು ನೇರವಾಗಿ ಬ್ಯಾಲೆನ್ಸ್ ಶೀಟ್ ತೆರೆದು ದೀರ್ಘಾವಧಿ ಸಾಲದ ಸಾಲನ್ನು ಹುಡುಕುತ್ತಾರೆ. ಸಿಕ್ಕ ಅಂಕಿಯನ್ನು ಷೇರುದಾರರ ಬಂಡವಾಳದಿಂದ ಭಾಗಿಸಿ, ‘ಪರವಾಗಿಲ್ಲ’ ಅಥವಾ ‘ಅಬ್ಬಾ’ ಎಂದು ವರದಿಯನ್ನು ಮಡಚಿಡುತ್ತಾರೆ. ಸಾಲ ಕೊಡುವವರ ಪರವಾಗಿ ಇಂಥ ವರದಿಗಳನ್ನು ಓದಲು ಕುಳಿತ ಮೊದಲ ದಿನಗಳಲ್ಲಿ ನಾನೂ ಅದನ್ನೇ ಮಾಡಿದ್ದೆ. ಕಾರ್ಖಾನೆಯ ಲೆಕ್ಕಕ್ಕೆ ಅದು ಒಂದು ಮಟ್ಟಿಗೆ ಸಾಕಾದೀತು, ಮಳಿಗೆಗಳ ಲೆಕ್ಕಕ್ಕೆ ಸಾಲದು. ಯಾಕೆ ಎಂಬುದಕ್ಕೆ ಉತ್ತರಗಳು ಕೆಳಗಿವೆ.

ದೀರ್ಘಾವಧಿ ಸಾಲ ಎಂದು ಯಾವುದನ್ನೆಲ್ಲ ಎಣಿಸಬೇಕು?

ಲೆಕ್ಕಪತ್ರದ ತಾರೀಖಿನಿಂದ 12 ತಿಂಗಳು ಕಳೆದ ಮೇಲೆ ತೀರಿಸಬೇಕಾದ, ಬಡ್ಡಿ ಹೊತ್ತ ಎಲ್ಲ ಹೊಣೆಗಳನ್ನು ಎಣಿಸಬೇಕು. ಬ್ಯಾಂಕಿನ ಅವಧಿ ಸಾಲ, ಬಾಂಡ್, ಡಿಬೆಂಚರ್, ಕಟ್ಟಡಗಳ ಮೇಲಿನ ಅಡಮಾನ ಸಾಲ ಇವೆಲ್ಲ ಇದರಲ್ಲಿ ಬರುತ್ತವೆ. ನಿಗದಿತ ದಿನ ಹಣ ಹಿಂದಿರುಗಿಸಲೇಬೇಕಾದ ಆದ್ಯತಾ ಷೇರುಗಳು ಹೆಸರಿಗೆ ಷೇರು, ಗುಣದಲ್ಲಿ ಸಾಲ. ಅವುಗಳನ್ನೂ ಸೇರಿಸಿ.

ಹೊಸಬರು ಎಡವುವುದು ‘ದೀರ್ಘಾವಧಿ ಸಾಲದ ಚಾಲ್ತಿ ಭಾಗ’ ಎಂಬ ಸಾಲಿನಲ್ಲಿ. ಏಳು ವರ್ಷದ ಸಾಲದಲ್ಲಿ ಮುಂದಿನ 12 ತಿಂಗಳೊಳಗೆ ಕಟ್ಟಬೇಕಾದ ಕಂತು ಚಾಲ್ತಿ ಹೊಣೆಗಳ ಗುಂಪಿಗೆ ಜಾರಿಕೊಳ್ಳುತ್ತದೆ. ಅದನ್ನು ಮರೆತರೆ ಸಾಲದ ಕೊನೆಯ ವರ್ಷದಲ್ಲಿ ಕಂಪನಿ ಒಂದು ಬಿಡಿಗಾಸನ್ನೂ ತೀರಿಸದೆ ಋಣಮುಕ್ತವಾದಂತೆ ಕಾಣುತ್ತದೆ. ನಿಜಕ್ಕೂ ಅದು ಸಾಲ ಅತ್ಯಂತ ಬಿಗಿಯಾಗಿ ಕುತ್ತಿಗೆಗೆ ಬಂದ ವರ್ಷ.

ಯಾವ ಅನುಪಾತದಿಂದ ಶುರು ಮಾಡುವುದು ಒಳ್ಳೆಯದು?

ದೀರ್ಘಾವಧಿ ಸಾಲವನ್ನು, ದೀರ್ಘಾವಧಿ ಸಾಲ ಮತ್ತು ಷೇರುದಾರರ ಬಂಡವಾಳ ಎರಡೂ ಕೂಡಿದ ಮೊತ್ತದಿಂದ ಭಾಗಿಸಿ. ಕಂಪನಿ ನಿಂತಿರುವ ಕಾಯಂ ಹಣದಲ್ಲಿ ಎಷ್ಟು ಪಾಲು ಸಾಲ ಕೊಟ್ಟವರದ್ದು ಎಂದು ಇದು ಶೇಕಡಾವಾರು ಹೇಳುತ್ತದೆ. ಸಾಲವನ್ನು ಬಂಡವಾಳದಿಂದ ಭಾಗಿಸುವ ಅನುಪಾತವೂ ಇದೇ ಸಂಗತಿಯನ್ನು ಬೇರೆ ವೇಷದಲ್ಲಿ ಹೇಳುತ್ತದೆ. ಅಲ್ಲಿ 1 ಬಂದರೆ ಇಲ್ಲಿ ಶೇ 50, ಅಲ್ಲಿ 3 ಬಂದರೆ ಇಲ್ಲಿ ಶೇ 75. ಒಟ್ಟು ಆಸ್ತಿಯಿಂದ ಭಾಗಿಸುವ ಕ್ರಮವೂ ಉಂಟು. ಆದರೆ ಮಳಿಗೆಗಳ ಆಸ್ತಿಯಲ್ಲಿ ದಾಸ್ತಾನೇ ದೊಡ್ಡ ಪಾಲು, ಅದು ಋತುವಿನಿಂದ ಋತುವಿಗೆ ಉಬ್ಬಿ ಇಳಿಯುತ್ತದೆ. ಹಾಗಾಗಿ ಆ ಅನುಪಾತವನ್ನು ನಾನು ಹೆಚ್ಚು ನೆಚ್ಚುವುದಿಲ್ಲ.

ಒಂದು ಉದಾಹರಣೆಯೊಂದಿಗೆ ತೋರಿಸಬಹುದೇ?

ಕಲ್ಪಿತ ಸಿದ್ಧ ಉಡುಪುಗಳ ಕಂಪನಿಯೊಂದನ್ನು ತೆಗೆದುಕೊಳ್ಳೋಣ. ಅಂಕಿಗಳೆಲ್ಲ ಕೋಟಿಯಲ್ಲಿವೆ. ದೀರ್ಘಾವಧಿ ಸಾಲ 300, ಅದಲ್ಲದೆ ಚಾಲ್ತಿ ಹೊಣೆಗಳಲ್ಲಿ ಬೇರೆಯಾಗಿ ತೋರಿಸಿದ ಚಾಲ್ತಿ ಭಾಗ 40, ಬ್ಯಾಂಕಿನ ಅಲ್ಪಾವಧಿ ಸಾಲ 60. ಷೇರುದಾರರ ಬಂಡವಾಳ 500. ಕೈಯಲ್ಲಿರುವ ನಗದು 120. ಇನ್ನೂ ಒಂದು ಸಾಲು ಇದೆ: ಮಳಿಗೆಗಳ ಲೀಸ್ ಹೊಣೆ, ಅಂದರೆ ಬಾಡಿಗೆ ಕರಾರುಗಳಡಿ ಮುಂದೆ ಕಟ್ಟಬೇಕಾದದ್ದು, ಚಾಲ್ತಿ ಭಾಗವೂ ಸೇರಿ 600.

ಅವಸರದವರು 300ನ್ನು 800ರಿಂದ ಭಾಗಿಸಿ ಶೇ 37.5 ಎನ್ನುತ್ತಾರೆ. ಚಾಲ್ತಿ ಭಾಗವನ್ನು ಮರೆಯದವರು 340ನ್ನು 840ರಿಂದ ಭಾಗಿಸಿ ಶೇ 40.5 ಎನ್ನುತ್ತಾರೆ. ಲೀಸ್ ಹೊಣೆಯನ್ನೂ ಸೇರಿಸಿದರೆ 940 ಭಾಗಿಸು 1,440, ಅಂದರೆ ಶೇ 65.3. ಕಂಪನಿ ಒಂದೇ, ತಾರೀಖು ಒಂದೇ, ವರದಿಯ ಪುಟವೂ ಒಂದೇ. ಮೊದಲ ಉತ್ತರಕ್ಕೂ ಕೊನೆಯದಕ್ಕೂ ನಡುವೆ ಸಾಲ ಮಂಜೂರಾಗುವ ಮತ್ತು ತಿರಸ್ಕೃತವಾಗುವಷ್ಟು ಅಂತರವಿದೆ.

ಬಾಡಿಗೆ ಖರ್ಚಲ್ಲವೇ? ಅದನ್ನು ಸಾಲ ಎಂದು ಯಾಕೆ ಎಣಿಸಬೇಕು?

ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಚಿಲ್ಲರೆ ವ್ಯಾಪಾರದಲ್ಲಿ ಉಳಿದೆಲ್ಲ ಪ್ರಶ್ನೆಗಳಿಗಿಂತ ತೂಕದ್ದೂ ಹೌದು.

ಎರಡು ಕಂಪನಿಗಳನ್ನು ಕಲ್ಪಿಸಿಕೊಳ್ಳಿ. ಒಂದು ಹತ್ತು ವರ್ಷದ ಸಾಲ ಎತ್ತಿ ಮಳಿಗೆಯ ಕಟ್ಟಡವನ್ನೇ ಕೊಂಡಿತು. ಇನ್ನೊಂದು ಅಂಥದೇ ಕಟ್ಟಡಕ್ಕೆ ಹತ್ತು ವರ್ಷದ ಲೀಸ್ ಕರಾರು ಬರೆದುಕೊಟ್ಟಿತು. ವ್ಯಾಪಾರ ಕುಸಿದ ತಿಂಗಳು ಮೊದಲನೆಯದು ಬ್ಯಾಂಕಿಗೆ ಕಂತು ಕಟ್ಟಲೇಬೇಕು, ಎರಡನೆಯದು ಮಾಲೀಕನಿಗೆ ಬಾಡಿಗೆ ಕಟ್ಟಲೇಬೇಕು. ಗಿರಾಕಿ ಬರಲಿಲ್ಲ ಎಂಬ ಕಾರಣಕ್ಕೆ ಇಬ್ಬರಲ್ಲಿ ಯಾರೂ ಬಿಡುವುದಿಲ್ಲ. ಇನ್ನೂ ನೋಡಿದರೆ ಕಟ್ಟಡ ಕೊಂಡವನ ಬಳಿ ಮಾರಲು ಒಂದು ಆಸ್ತಿಯಾದರೂ ಉಳಿದಿರುತ್ತದೆ. ಬಾಡಿಗೆಯವನಿಗೆ ಕರಾರು ಮುರಿಯುವ ದಂಡ ಮಾತ್ರ ಉಳಿಯುತ್ತದೆ.

ಲೆಕ್ಕಪತ್ರದ ನಿಯಮಗಳು ಇದನ್ನು ಒಪ್ಪಿಕೊಳ್ಳಲು ಬಹಳ ಕಾಲ ತೆಗೆದುಕೊಂಡವು. ಹಳೆಯ ನಿಯಮದಲ್ಲಿ ಸಾಮಾನ್ಯ ಮಳಿಗೆ ಲೀಸ್ ಬ್ಯಾಲೆನ್ಸ್ ಶೀಟ್‌ನ ಹೊರಗೇ ಇರುತ್ತಿತ್ತು. ಮುಂದಿನ ವರ್ಷಗಳಲ್ಲಿ ಕಟ್ಟಬೇಕಾದ ಬಾಡಿಗೆ ಎಲ್ಲೋ ಟಿಪ್ಪಣಿಯ ಮೂಲೆಯಲ್ಲಿ ಒಂದು ಪಟ್ಟಿಯಾಗಿ ಕುಳಿತಿರುತ್ತಿತ್ತು. ಅಂತರರಾಷ್ಟ್ರೀಯ ಮಾನದಂಡ ಐಎಫ್‌ಆರ್‌ಎಸ್ 16 ಜಾರಿಗೆ ಬಂದದ್ದು 2019ರ ಜನವರಿ 1ರಿಂದ. ಅಂದಿನಿಂದ, ಅವಧಿ 12 ತಿಂಗಳು ಮೀರದ ಲೀಸ್‌ಗಳು ಮತ್ತು ಕಡಿಮೆ ಬೆಲೆಯ ವಸ್ತುಗಳ ಲೀಸ್‌ಗಳನ್ನು ಹೊರಗಿಡಲು ಅವಕಾಶವಿದೆ, ಉಳಿದದ್ದೆಲ್ಲ ಹೊಣೆಯಾಗಿ ಕಣ್ಣೆದುರು ಬರಬೇಕು. ಅಂಗಡಿಗಳಲ್ಲಿ ಒಂದು ಹೊಸ ಪೆಟ್ಟಿಗೆಯೂ ಬಂದಿಳಿಯಲಿಲ್ಲ, ಒಂದು ಹೊಸ ಸಾಲವೂ ಹುಟ್ಟಲಿಲ್ಲ. ಆದರೂ ಮಳಿಗೆ ಕಂಪನಿಗಳ ಹೊಣೆ ಒಮ್ಮೆಲೇ ಏರಿತು. ಆ ವರ್ಷದ ಗೆರೆಯನ್ನು ದಾಟಿ ಹಿಂದಿನ ಮತ್ತು ಮುಂದಿನ ಅನುಪಾತಗಳನ್ನು ಹೋಲಿಸುವವರು ಇದನ್ನು ನೆನಪಿನಲ್ಲಿಡಬೇಕು.

ಹಾಗಾದರೆ ಲೀಸ್ ಹೊಣೆಯ ಅಂಕಿಯನ್ನು ಕಣ್ಣು ಮುಚ್ಚಿ ನಂಬಬಹುದೇ?

ಬೇಡ. ಎರಡು ಕಿಂಡಿಗಳಿವೆ. ಮೊದಲನೆಯದು, ವಹಿವಾಟಿನ ಇಂತಿಷ್ಟು ಶೇಕಡಾ ಎಂದು ನಿಗದಿಯಾದ ಬಾಡಿಗೆ ಲೀಸ್ ಹೊಣೆಯೊಳಗೆ ಬರುವುದಿಲ್ಲ. ಇದು ನ್ಯಾಯವೇ, ಏಕೆಂದರೆ ಮಾರಾಟ ಇಳಿದರೆ ಆ ಬಾಡಿಗೆಯೂ ಇಳಿಯುತ್ತದೆ. ಎರಡನೆಯದು ಹೆಚ್ಚು ಸೂಕ್ಷ್ಮ: ಕರಾರನ್ನು ಮುಂದುವರಿಸುವ ಆಯ್ಕೆ ಕಂಪನಿಗಿದ್ದರೂ, ಅದನ್ನು ಬಳಸುವುದು ಬಹುಮಟ್ಟಿಗೆ ಖಚಿತ ಎಂದು ಆಡಳಿತ ಮಂಡಳಿ ಭಾವಿಸಿದರೆ ಮಾತ್ರ ಆ ವರ್ಷಗಳ ಬಾಡಿಗೆ ಲೆಕ್ಕಕ್ಕೆ ಸೇರುತ್ತದೆ. ಮೂರು ವರ್ಷದ ಕರಾರುಗಳನ್ನು ಬರೆದುಕೊಂಡ ಕಂಪನಿಯ ಹೊಣೆ, ಹದಿನೈದು ವರ್ಷದ ಕರಾರು ಬರೆದುಕೊಂಡ ಕಂಪನಿಯ ಹೊಣೆಗಿಂತ ಬಹಳ ಕಡಿಮೆ ಕಾಣುತ್ತದೆ. ಇಬ್ಬರೂ ಅದೇ ಬೀದಿಯಲ್ಲಿ ಅಷ್ಟೇ ಬಾಡಿಗೆ ಕಟ್ಟುತ್ತಿದ್ದರೂ ಅಷ್ಟೇ.

ಹಳೆಯ ತಲೆಗಳು ಈ ಕಾರಣಕ್ಕೇ ಇವತ್ತಿಗೂ ವರ್ಷದ ಬಾಡಿಗೆಯನ್ನು 8ರಿಂದ ಗುಣಿಸಿ ನೋಡುತ್ತಾರೆ. ರೇಟಿಂಗ್ ಸಂಸ್ಥೆಗಳೂ ಬ್ಯಾಂಕುಗಳೂ ಹಿಂದೆ ಬಹಳವಾಗಿ ಬಳಸಿದ ಒರಟು ಸೂತ್ರ ಇದು. ನಮ್ಮ ಉಡುಪಿನ ಕಂಪನಿ ವರ್ಷಕ್ಕೆ 130 ಕೋಟಿ ಬಾಡಿಗೆ ಕಟ್ಟುತ್ತದೆ ಎನ್ನೋಣ. 8 ಪಟ್ಟು ಎಂದರೆ 1,040. ಪುಸ್ತಕದಲ್ಲಿರುವುದು 600. ಉಳಿದಿರುವ ಕರಾರಿನ ಅವಧಿಗೆ ಮಾತ್ರ ಹೊಣೆ ಎನ್ನುವುದು ಪುಸ್ತಕದ ಮಾತು. ಅಂಗಡಿ ನಡೆಯುವಷ್ಟು ಕಾಲವೂ ಜಾಗ ಬೇಕಲ್ಲವೇ ಎನ್ನುವುದು ಸೂತ್ರದ ಮಾತು. ಎರಡರ ನಡುವೆ ದೊಡ್ಡ ಅಂತರ ಕಂಡರೆ ಕರಾರುಗಳು ಬೇಗ ಮುಗಿಯುತ್ತವೆ ಎಂದು ಅರ್ಥ. ಅದು ಕೆಟ್ಟದ್ದೇ ಆಗಬೇಕಿಲ್ಲ. ನಷ್ಟದ ಮಳಿಗೆಗಳನ್ನು ಮುಚ್ಚಲು ಅಷ್ಟು ಸುಲಭ.

ಪಾಲು ಗೊತ್ತಾಯಿತು. ಹೊರೆ ಹೊರಬಲ್ಲದೇ ಎಂದು ತಿಳಿಯುವುದು ಹೇಗೆ?

ಅದಕ್ಕೆ ಲಾಭ-ನಷ್ಟದ ಪುಟಕ್ಕೆ ಹೋಗಬೇಕು. ನಮ್ಮ ಕಂಪನಿಯ ಮಾರಾಟ 1,500. ಬಡ್ಡಿ ಮತ್ತು ತೆರಿಗೆಗೆ ಮುನ್ನ ಉಳಿಯುವ ಕಾರ್ಯಾಚರಣೆಯ ಲಾಭ 110. ಸ್ವಂತ ಆಸ್ತಿಗಳ ಸವಕಳಿ 60, ಲೀಸ್ ಆಸ್ತಿಗಳ ಸವಕಳಿ 95. ಸಾಲಗಳ ಮೇಲಿನ ಬಡ್ಡಿ 32, ಲೀಸ್ ಹೊಣೆಯ ಮೇಲಿನ ಬಡ್ಡಿ 45.

ನಾನು ಒಮ್ಮೆ ಮಾನ ಕಳೆದುಕೊಂಡದ್ದು ಇಲ್ಲಿಯೇ. ಇಂಥದೇ ಅಂಕಿಗಳಿದ್ದ ಕಂಪನಿಯೊಂದರಲ್ಲಿ 110ನ್ನು 32ರಿಂದ ಭಾಗಿಸಿ, ‘ಬಡ್ಡಿಯ 3.4 ಪಟ್ಟು ಲಾಭವಿದೆ, ನೆಮ್ಮದಿಯ ಕಂಪನಿ’ ಎಂಬ ಧಾಟಿಯಲ್ಲಿ ಟಿಪ್ಪಣಿ ಬರೆದಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಓದಿ, ‘ಬಾಡಿಗೆ ಎಲ್ಲಿ ಹೋಯಿತು?’ ಎಂದು ಮಾತ್ರ ಕೇಳಿದರು. ಹೊಸ ಮಾನದಂಡದಲ್ಲಿ ಬಾಡಿಗೆ ಎಂಬ ಖರ್ಚು ಒಡೆದು ಎರಡಾಗುತ್ತದೆ: ಒಂದು ಭಾಗ ಸವಕಳಿ, ಇನ್ನೊಂದು ಬಡ್ಡಿ. ಕಾರ್ಯಾಚರಣೆಯ ಲಾಭದಲ್ಲಿ ಕಳೆದಿರುವುದು ಸವಕಳಿಯ ಭಾಗ ಮಾತ್ರ. ಹಾಗಾಗಿ ಲೀಸ್ ಬಡ್ಡಿಯನ್ನು ಕೆಳಗೆ ಸೇರಿಸದೆ ಭಾಗಿಸಿದರೆ ಬಾಡಿಗೆಯ ಒಂದು ತುಂಡು ಎಲ್ಲಿಯೂ ಲೆಕ್ಕಕ್ಕೆ ಸಿಗದೆ ಗಾಳಿಯಲ್ಲಿ ತೇಲುತ್ತದೆ. ಸರಿಯಾದ ಲೆಕ್ಕ 110 ಭಾಗಿಸು 77, ಅಂದರೆ 1.43.

ನಿವ್ವಳ ಸಾಲವನ್ನು, ಅಂದರೆ ಎಲ್ಲ ಸಾಲಗಳಿಂದ ಕೈಯಲ್ಲಿರುವ ನಗದು ಕಳೆದ ಮೊತ್ತವನ್ನು, ಇಬಿಟ್ಡಾದಿಂದ ಭಾಗಿಸುವಾಗಲೂ ಇದೇ ಎಚ್ಚರಿಕೆ ಬೇಕು. ಬಡ್ಡಿ, ತೆರಿಗೆ, ಸವಕಳಿಗಳಿಗೆ ಮುಂಚಿನ ಲಾಭವಾದ ಇಬಿಟ್ಡಾ ಇಲ್ಲಿ 110, 60, 95 ಕೂಡಿ 265. ಲೀಸ್ ಸೇರಿದ ನಿವ್ವಳ ಸಾಲ 880, ಅನುಪಾತ 3.3. ಲೀಸ್ ಬೇಡವೆಂದರೆ ಎರಡೂ ಕಡೆ ಬೇಡ: ಸಾಲ 280, ಇಬಿಟ್ಡಾದಿಂದ ಬಾಡಿಗೆ 130 ಕಳೆದರೆ 135, ಅನುಪಾತ 2.1. ಮೇಲೆ ಲೀಸ್ ಇಲ್ಲದ 280, ಕೆಳಗೆ ಬಾಡಿಗೆ ಕಳೆಯದ 265 ಇಟ್ಟರೆ 1.06 ಬರುತ್ತದೆ. ಯಾವುದಾದರೂ ಮಳಿಗೆ ಕಂಪನಿಯ ಹೂಡಿಕೆದಾರರ ಸ್ಲೈಡಿನಲ್ಲಿ ಈ ಅನುಪಾತ ವಿಪರೀತ ಚೆಂದ ಕಂಡರೆ, ಕೆಳಗಿನ ಸಣ್ಣ ಅಕ್ಷರಗಳಲ್ಲಿ ಈ ಬೆರಕೆ ನಡೆದಿದೆಯೇ ನೋಡಿ.

ಅನುಪಾತ ಬಿಟ್ಟು ಬರೀ ನಗದಿನ ಲೆಕ್ಕವನ್ನೂ ಒಮ್ಮೆ ಮಾಡಿ. 265ರಲ್ಲಿ ಬಾಡಿಗೆ 130, ಬಡ್ಡಿ 32, ಈ ವರ್ಷದ ಕಂತು 40 ಹೋದರೆ ಉಳಿಯುವುದು 63. ಹಳೆಯ ಮಳಿಗೆಗಳ ನೆಲ, ದೀಪ, ಕಪಾಟುಗಳನ್ನು ಸುಸ್ಥಿತಿಯಲ್ಲಿಡಲು ಸವಕಳಿಯಷ್ಟಾದರೂ, ಅಂದರೆ 60, ಬೇಕು. ತೆರಿಗೆ ಕಟ್ಟಲು ಮಿಕ್ಕಿದ್ದು 3 ಕೋಟಿ.

ಮಾರಾಟ ಸ್ವಲ್ಪ ಇಳಿದರೆ ಏನಾಗುತ್ತದೆ?

ನಮ್ಮ ಕಂಪನಿಯ ಒಟ್ಟು ಲಾಭದ ಪ್ರಮಾಣ, ಅಂದರೆ ಮಾರಾಟದಲ್ಲಿ ಸರಕಿನ ವೆಚ್ಚ ಕಳೆದು ಉಳಿಯುವ ಪಾಲು, ಶೇ 35 ಎನ್ನೋಣ. ಮಾರಾಟ ಶೇ 5ರಷ್ಟು, ಅಂದರೆ 75 ಕೋಟಿ ಇಳಿದರೆ ಅದರ ಶೇ 35, ಸುಮಾರು 26 ಕೋಟಿ ಲಾಭ ಹೋಗುತ್ತದೆ. ಬಾಡಿಗೆ, ದೀಪದ ಬಿಲ್ಲು, ಸಂಬಳ ಅಷ್ಟು ಬೇಗ ಇಳಿಯುವುದಿಲ್ಲ. 110 ಇದ್ದದ್ದು 84 ಆಗುತ್ತದೆ. 77ರ ಬಡ್ಡಿಗೆ ಅದು 1.09 ಪಟ್ಟು. ಮಾರಾಟದಲ್ಲಿ ಶೇ 5 ಎಂದರೆ ಒಂದು ಋತುವಿನ ಬಟ್ಟೆ ಗಿರಾಕಿಗೆ ಹಿಡಿಸದಿದ್ದರೂ ಆಗುವಂಥದ್ದು. ಯಾವ ಮಳಿಗೆ ಕಂಪನಿಯನ್ನು ಅಳೆದರೂ ಈ ಒಂದು ಪರೀಕ್ಷೆಯನ್ನು ನಾನು ಬಿಡುವುದಿಲ್ಲ.

ಎಷ್ಟಿದ್ದರೆ ಹೆಚ್ಚು ಎನ್ನಬೇಕು?

ಒಂದೇ ಅಂಕಿ ಕೇಳುವವರಿಗೆ ನಿರಾಶೆಯಾಗುತ್ತದೆ. ದಿನಸಿ ಮಳಿಗೆಗಳ ನಿವ್ವಳ ಲಾಭದ ಪ್ರಮಾಣ ಬಲು ತೆಳ್ಳಗೆ, ಆದರೆ ಗಿರಾಕಿ ಪ್ರತಿ ವಾರ ಬಂದೇ ಬರುತ್ತಾನೆ. ಉಡುಪು, ಪೀಠೋಪಕರಣ, ಆಟಿಕೆಗಳಲ್ಲಿ ಲಾಭದ ಪ್ರಮಾಣ ದಪ್ಪ, ಗಿರಾಕಿ ಮಾತ್ರ ಮನಸ್ಸು ಬಂದಾಗ ಬರುತ್ತಾನೆ. ಸಾಲದ ಪಾಲು ಅದೇ ಶೇ 60 ಆದರೂ ಮೊದಲನೆಯವರಿಗೆ ಸಹ್ಯ, ಎರಡನೆಯವರಿಗೆ ಅಪಾಯ. ಹೋಲಿಕೆ ಮಾಡುವುದಾದರೆ ಅದೇ ಬಗೆಯ ಸರಕು ಮಾರುವ ಕಂಪನಿಯೊಂದಿಗೆ, ಅದೇ ಲೆಕ್ಕದಲ್ಲಿ, ಕನಿಷ್ಠ ಐದು ವರ್ಷಗಳಿಗೆ ಮಾಡಿ.

ಅಮೆರಿಕದ ಕಂಪನಿಯನ್ನು ಯುರೋಪಿನ ಕಂಪನಿಯೊಂದಿಗೆ ಹೋಲಿಸಬಹುದೇ?

ಹೊಂದಾಣಿಕೆ ಮಾಡಿಕೊಂಡರೆ ಹೋಲಿಸಬಹುದು. ಅಮೆರಿಕದ ಎಎಸ್‌ಸಿ 842 ನಿಯಮವೂ ಲೀಸ್ ಹೊಣೆಯನ್ನು ಬ್ಯಾಲೆನ್ಸ್ ಶೀಟ್‌ಗೆ ತಂದಿದೆ. ಆದರೆ ಸಾಮಾನ್ಯ ಮಳಿಗೆ ಲೀಸ್‌ನ ಬಾಡಿಗೆ ಲಾಭ-ನಷ್ಟದಲ್ಲಿ ಹಿಂದಿನಂತೆಯೇ ಒಂದೇ ಖರ್ಚಾಗಿ ಉಳಿಯುತ್ತದೆ, ಸವಕಳಿ ಮತ್ತು ಬಡ್ಡಿ ಎಂದು ಒಡೆಯುವುದಿಲ್ಲ. ಹಾಗಾಗಿ ಅಲ್ಲಿನ ಇಬಿಟ್ಡಾ ಬಾಡಿಗೆ ಕಳೆದದ್ದು, ಐಎಫ್‌ಆರ್‌ಎಸ್ ಪಾಲಿಸುವವರದ್ದು ಬಾಡಿಗೆ ಕಳೆಯದ್ದು.

ವರ್ಷಾಂತ್ಯದ ಅಂಕಿ ಸಾಕೇ?

ಸಾಲದು. ಅಮೆರಿಕದ ಅನೇಕ ದೊಡ್ಡ ಚಿಲ್ಲರೆ ಕಂಪನಿಗಳ ಹಣಕಾಸು ವರ್ಷ ಜನವರಿ ಕೊನೆಗೆ ಮುಗಿಯುತ್ತದೆ. ವರ್ಷಾಂತ್ಯದ ಹಬ್ಬದ ಮಾರಾಟ ಆಗಷ್ಟೇ ಮುಗಿದು, ಗೋದಾಮು ಖಾಲಿಯಾಗಿ, ಗಲ್ಲಾ ತುಂಬಿರುವ ಹೊತ್ತು ಅದು. ತಲೆ ಬಾಚಿ ಪೌಡರ್ ಹಚ್ಚಿ ಫೋಟೊ ತೆಗೆಸಿಕೊಂಡಂತೆ. ಅದೇ ಕಂಪನಿಯನ್ನು ಅಕ್ಟೋಬರ್ ಕೊನೆಯ ತ್ರೈಮಾಸಿಕ ವರದಿಯಲ್ಲಿ ನೋಡಿ: ಹಬ್ಬಕ್ಕೆಂದು ಸರಕು ತುಂಬಿಸಿ, ಬ್ಯಾಂಕಿನಿಂದ ಎತ್ತಿ, ನಗದು ತಳ ಕಂಡಿರುತ್ತದೆ. ನಾಲ್ಕು ತ್ರೈಮಾಸಿಕಗಳ ಸರಾಸರಿ ಸಾಲವೇ ನಿಜಕ್ಕೆ ಹತ್ತಿರ.

ಷೇರುದಾರರ ಬಂಡವಾಳ ಸೊನ್ನೆಗಿಂತ ಕಡಿಮೆ ಇದೆ. ಅನುಪಾತ ಹೇಗೆ ಓದಬೇಕು?

ಓದಬೇಡಿ, ಬಿಟ್ಟುಬಿಡಿ. ಮನೆ ದುರಸ್ತಿ ಸಾಮಗ್ರಿ ಮಾರುವ ಅಮೆರಿಕದ ಹೋಮ್ ಡಿಪೋದ ಷೇರುದಾರರ ಬಂಡವಾಳ 2018ರ ಹಣಕಾಸು ವರ್ಷದ ಕೊನೆಗೆ ಋಣಾತ್ಮಕವಾಗಿತ್ತು. ವಾಹನ ಬಿಡಿಭಾಗ ಮಾರುವ ಆಟೊಜೋನ್ ವರ್ಷಗಟ್ಟಲೆ ಹಾಗೆಯೇ ಇದೆ. ಇವು ಮುಳುಗುತ್ತಿರುವ ಅಂಗಡಿಗಳಲ್ಲ. ಲಾಭ ಧಾರಾಳವಾಗಿ ಬರುತ್ತಿದ್ದು, ಅದರಿಂದಲೂ ಸಾಲದಿಂದಲೂ ತಮ್ಮದೇ ಷೇರುಗಳನ್ನು ಮರುಖರೀದಿ ಮಾಡುತ್ತಾ ಹೋದದ್ದರಿಂದ ಬಂಡವಾಳದ ಸಾಲು ಸೊನ್ನೆಯ ಕೆಳಗಿಳಿಯಿತು. ಇಂಥ ಕಡೆ ಬಡ್ಡಿ ಕಟ್ಟುವ ಶಕ್ತಿ ಮತ್ತು ಇಬಿಟ್ಡಾದ ಅನುಪಾತಗಳೇ ಮಾತಾಡಬೇಕು. ನಷ್ಟ ತಿಂದು ತಿಂದು ಬಂಡವಾಳ ಕರಗಿದ್ದರೆ ಕತೆ ಬೇರೆ. ಯಾವ ದಾರಿಯಲ್ಲಿ ಕೆಳಗಿಳಿಯಿತು ಎಂಬುದನ್ನು ಬಂಡವಾಳದ ಬದಲಾವಣೆಗಳ ಪಟ್ಟಿ ಹೇಳುತ್ತದೆ.

ಸರಬರಾಜುದಾರರಿಗೆ ಕೊಡಬೇಕಾದ ಹಣ ದೀರ್ಘಾವಧಿ ಸಾಲವೇ?

ಅಲ್ಲ. ಆದರೂ ಕಣ್ಣಿಡಬೇಕು. ಸರಕು ಬೇಗ ಮಾರಿ, ಹಣವನ್ನು ನಿಧಾನಕ್ಕೆ ಕೊಡುವ ಕಂಪನಿ ಬ್ಯಾಂಕಿನ ಬಾಗಿಲು ತಟ್ಟದೆ ಪೂರೈಕೆದಾರರ ದುಡ್ಡಿನಲ್ಲೇ ನಡೆಯುತ್ತದೆ. ದೀರ್ಘಾವಧಿ ಸಾಲ ಕಡಿಮೆ ಎಂದು ಅದನ್ನು ಹೊಗಳುವ ಮುನ್ನ, ಆ ಪೂರೈಕೆದಾರರಿಗೆ ಬ್ಯಾಂಕ್ ಮೊದಲೇ ಹಣ ಕೊಟ್ಟು ಕಂಪನಿಯಿಂದ ಆಮೇಲೆ ವಸೂಲು ಮಾಡುವ ಏರ್ಪಾಡು ಇದೆಯೇ ಎಂದು ಟಿಪ್ಪಣಿಗಳಲ್ಲಿ ಹುಡುಕಿ. ಐಎಫ್‌ಆರ್‌ಎಸ್ ಪಾಲಿಸುವವರು 2024ರ ಜನವರಿ 1ರಿಂದ ಶುರುವಾಗುವ ವರ್ಷಗಳಲ್ಲಿ ಇದನ್ನು ಬಹಿರಂಗಪಡಿಸಬೇಕು.

ಮೊತ್ತ ಕಡಿಮೆ ಇದ್ದರೂ ತೊಂದರೆಯಾಗಬಹುದೇ?

ಆಗಬಹುದು. ಸಾಲವೆಲ್ಲ ಒಂದೇ ವರ್ಷ ತೀರಿಕೆಗೆ ಬಂದರೆ, ಆ ವರ್ಷ ಬಡ್ಡಿದರ ಏರಿದ್ದರೆ, ಹೊಸ ಸಾಲ ದುಬಾರಿ ಅಥವಾ ದುರ್ಲಭ. ಟಿಪ್ಪಣಿಗಳಲ್ಲಿ ಮರುಪಾವತಿಯ ವೇಳಾಪಟ್ಟಿ ಇರುತ್ತದೆ, ಅದನ್ನು ಓದಿ. ಸಾಲ ಪತ್ರದ ಷರತ್ತುಗಳನ್ನೂ ನೋಡಿ. ಅನುಪಾತ ಇಂತಿಷ್ಟು ಮೀರಬಾರದು ಎಂಬ ಷರತ್ತು ವರ್ಷಾಂತ್ಯಕ್ಕೆ ಮುರಿದುಬಿದ್ದು, ಸಾಲ ಕೊಟ್ಟವರು ಅಷ್ಟರೊಳಗೆ ಕಾಲಾವಕಾಶ ಕೊಟ್ಟಿರದಿದ್ದರೆ, ದೀರ್ಘಾವಧಿ ಸಾಲ ರಾತ್ರೋರಾತ್ರಿ ಚಾಲ್ತಿ ಹೊಣೆಯಾಗುತ್ತದೆ.

ಸಾಲದ ಭಾರಕ್ಕೆ ನಿಜವಾಗಿ ಕುಸಿದ ಮಳಿಗೆ ಕಂಪನಿ ಯಾವುದು?

ಆಟಿಕೆಗಳ ಟಾಯ್ಸ್ ಆರ್ ಅಸ್. 2005ರಲ್ಲಿ ಹೂಡಿಕೆ ಸಂಸ್ಥೆಗಳಾದ ಕೆಕೆಆರ್, ಬೇನ್ ಕ್ಯಾಪಿಟಲ್ ಮತ್ತು ಕಟ್ಟಡಗಳ ವ್ಯವಹಾರದ ವೊರ್ನಾಡೊ ಸೇರಿ ಅದನ್ನು ಸುಮಾರು 660 ಕೋಟಿ ಡಾಲರ್‌ಗೆ ಕೊಂಡವು. ಕೊಂಡ ಹಣದ ಬಹುಪಾಲು ಸಾಲ, ಆ ಸಾಲ ಬಂದು ಕುಳಿತದ್ದು ಕಂಪನಿಯ ಹೆಗಲ ಮೇಲೆಯೇ. 2017ರ ಸೆಪ್ಟೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿದಾಗ ಸುಮಾರು 500 ಕೋಟಿ ಡಾಲರ್ ಸಾಲವಿತ್ತು, ಅದಕ್ಕೆ ವರ್ಷಕ್ಕೆ ಸುಮಾರು 40 ಕೋಟಿ ಡಾಲರ್ ಕಟ್ಟಬೇಕಿತ್ತು. ಅಂತರ್ಜಾಲದ ಮಾರಾಟಗಾರರೂ ದೊಡ್ಡ ರಿಯಾಯಿತಿ ಮಳಿಗೆಗಳೂ ಆಟಿಕೆಗಳ ಬೆಲೆ ಇಳಿಸುತ್ತಿದ್ದ ಕಾಲದಲ್ಲಿ, ಮಳಿಗೆಗಳನ್ನು ಹೊಸದಾಗಿಸಲು ಬೇಕಿದ್ದ ಹಣ ಸಾಲಕ್ಕೆ ಹೋಗುತ್ತಿತ್ತು. ತಿಂಗಳನ್ನೂ ಗಮನಿಸಿ: ಸೆಪ್ಟೆಂಬರ್, ಹಬ್ಬದ ಸರಕು ತುಂಬಿಸುವ ಹೊತ್ತು. ಸಾಲದ ಸುದ್ದಿ ಕೇಳಿ ಹೆದರಿದ ಪೂರೈಕೆದಾರರು ಉದ್ದರಿ ಬಿಟ್ಟು ನಗದು ಕೇಳತೊಡಗಿದ್ದರು. ಅಮೆರಿಕದ ಮಳಿಗೆಗಳು 2018ರ ಜೂನ್‌ನಲ್ಲಿ ಬಾಗಿಲು ಹಾಕಿದವು.

ಕಂಪನಿ ಈ ವರ್ಷ ಸಾಲವನ್ನು ಅರ್ಧಕ್ಕೆ ಇಳಿಸಿದೆಯಂತೆ. ಸಂತೋಷಪಡಬಹುದೇ?

ಹೇಗೆ ಇಳಿಸಿತು ಎಂದು ನೋಡಿದ ಮೇಲೆ. ವ್ಯಾಪಾರದಿಂದ ಬಂದ ನಗದಿನಿಂದ ತೀರಿಸಿದ್ದರೆ ಒಳ್ಳೆಯದು. ಸ್ವಂತ ಕಟ್ಟಡಗಳನ್ನು ಮಾರಿ, ಅದೇ ಕಟ್ಟಡಗಳಲ್ಲಿ ಬಾಡಿಗೆಗೆ ಕುಳಿತು, ಬಂದ ಹಣದಲ್ಲಿ ಬ್ಯಾಂಕಿನ ಸಾಲ ತೀರಿಸಿದ್ದರೆ ಸಾಲದ ಸಾಲು ಇಳಿದು ಲೀಸ್ ಹೊಣೆಯ ಸಾಲು ಏರಿರುತ್ತದೆ. ನಗದು ಹರಿವಿನ ಪಟ್ಟಿಯಲ್ಲಿ ‘ಕಟ್ಟಡ ಮಾರಾಟದಿಂದ ಬಂದದ್ದು’ ಎಂಬ ಮೊತ್ತವನ್ನೂ ಅದೇ ವರ್ಷ ತೀರಿಸಿದ ಸಾಲವನ್ನೂ ಅಕ್ಕಪಕ್ಕ ಇಡಿ. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಮುಂದಿನ ವರ್ಷದಿಂದ ಕಂತಿನ ಜಾಗದಲ್ಲಿ ಬಾಡಿಗೆ ಬಂದು ಕುಳಿತಿರುತ್ತದೆ, ಮಾರಲು ಕಟ್ಟಡ ಮಾತ್ರ ಇರುವುದಿಲ್ಲ.